ಪ್ರಾಚೀನ ಇಗರ್ಜಿಗಳ ಮಾಡಿನ ಮೇಲೆ ಸೌರಫಲಕ: ಇಂಗ್ಲೆಂಡಿನಲ್ಲೊಂದು ಧರ್ಮಸೂಕ್ಷ್ಮ

ಪೂರ್ವಿಕರು ಕಟ್ಟಿಸಿದ ಪೂಜಾಸ್ಥಾನವನ್ನು ಕೆಡದಂತೆ ಕಾಪಾಡುವುದು ಒಂದು ಕರ್ತವ್ಯ. ಅದನ್ನು ಬಳಕೆಯಲ್ಲಿ ಉಳಿಸಿಕೊಳ್ಳುವುದು ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರಿದರೂ ಒಂದಕ್ಕೊಂದು ಎದುರಾಗಿ ನಿಲ್ಲುವ ಪ್ರಸಂಗಗಳುಂಟು. ಇಂಗ್ಲೆಂಡಿನ ಹಳೆಯ ಇಗರ್ಜಿಗಳ ಮಾಡಿನ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಸೌರಫಲಕಗಳನ್ನು ಕೂರಿಸಬಹುದೇ ಎಂಬ ಪ್ರಶ್ನೆ ಅಂತಹ ಪ್ರಸಂಗಗಳಲ್ಲಿ ಒಂದು.

ಆ ದೇಶದಲ್ಲಿ ಒಂದು ಊರಿಗೆ ಅಥವಾ ಪೇಟೆಯ ಒಂದು ಭಾಗಕ್ಕೆ ಸೇರಿದ ಇಗರ್ಜಿಗೆ ಪ್ಯಾರಿಷ್ ಚರ್ಚು ಎಂದು ಹೆಸರು. ಇಂಗ್ಲೆಂಡಿನ ಅಧಿಕೃತ ಚರ್ಚಿನ ಅಧೀನದಲ್ಲಿ ಸುಮಾರು 16,000 ಇಗರ್ಜಿಗಳಿವೆ. ಅವುಗಳಲ್ಲಿ 12,000ಕ್ಕೂ ಹೆಚ್ಚಿನವು ಕಾನೂನಿನ ರಕ್ಷಣೆಗೆ ಒಳಪಟ್ಟ ಐತಿಹಾಸಿಕ ಕಟ್ಟಡಗಳು. ಸೋಜಿಗದ ಸಂಗತಿಯೆಂದರೆ, ಇವುಗಳ ದುರಸ್ತಿಯ ಹೊರೆಯ ಬಹುಭಾಗ ಬೀಳುವುದು ರಾಜ್ಯದ ಬೊಕ್ಕಸದ ಮೇಲಲ್ಲ, ಆಯಾ ಊರಿನ ಭಕ್ತರ ಮೇಲೆ. ಎಷ್ಟೋ ಹಳ್ಳಿಗಳಲ್ಲಿ ಭಾನುವಾರದ ಪ್ರಾರ್ಥನೆಗೆ ಕೂಡುವವರು ಬೆರಳೆಣಿಕೆಯ ವೃದ್ಧರು. ಅವರ ತಲೆಯ ಮೇಲಿರುವುದು ಏಳೆಂಟು ಶತಮಾನಗಳ ಕಟ್ಟಡ. ಹೀಗಿರಲು 2020ರ ಫೆಬ್ರವರಿಯಲ್ಲಿ ಆ ಚರ್ಚಿನ ಮಹಾಸಭೆಯು, ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು 2030ರ ವೇಳೆಗೆ ಶೂನ್ಯಕ್ಕೆ ಇಳಿಸಬೇಕೆಂದು ನಿರ್ಣಯಿಸಿತು. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಮಾಡಿನತ್ತ ಹೊರಳಿದ್ದು ಸಹಜವೇ.

ಪ್ರಾಚೀನ ಶಿಲ್ಪಿಗಳು ತಮಗರಿವಿಲ್ಲದೆಯೇ ಈ ಕಾರ್ಯಕ್ಕೆ ಅನುಕೂಲ ಮಾಡಿಕೊಟ್ಟಿದ್ದಾರೆ. ಇಗರ್ಜಿಯ ಬಲಿಪೀಠ ಪೂರ್ವದಲ್ಲಿರಬೇಕೆಂಬುದು ಹಳೆಯ ಸಂಪ್ರದಾಯ. ಆದುದರಿಂದ ಕಟ್ಟಡದ ಉದ್ದವು ಪೂರ್ವಪಶ್ಚಿಮವಾಗಿ ಚಾಚಿರುತ್ತದೆ. ಮಾಡಿನ ಒಂದು ಇಳಿಜಾರು ತಾನಾಗಿಯೇ ದಕ್ಷಿಣಕ್ಕೆ ಮುಖಮಾಡುತ್ತದೆ. ಉತ್ತರ ಅಕ್ಷಾಂಶದ ಆ ನಾಡಿನಲ್ಲಿ ಸೂರ್ಯನು ಸದಾ ದಕ್ಷಿಣಕ್ಕೆ ವಾಲಿಕೊಂಡೇ ಸಂಚರಿಸುವುದರಿಂದ ಫಲಕಕ್ಕೆ ಇದಕ್ಕಿಂತ ಯೋಗ್ಯವಾದ ಸ್ಥಾನ ಬೇರಿಲ್ಲ. ಇದರ ಜೊತೆಗೆ 15ನೆಯ ಶತಮಾನದ ಶೈಲಿಯ ಇಗರ್ಜಿಗಳಲ್ಲಿ ಪಕ್ಕದ ಅಂಕಣಗಳ ಮಾಡು ಬಹುಮಟ್ಟಿಗೆ ಸಮತಟ್ಟಾಗಿದ್ದು, ಅದರ ಅಂಚಿನಲ್ಲಿ ಮೋಟುಗೋಡೆ ಎದ್ದಿರುತ್ತದೆ. ಅದರ ಮರೆಯಲ್ಲಿ ಕೂರಿಸಿದ ಫಲಕವು ಕೆಳಗೆ ನಿಂತವನ ಕಣ್ಣಿಗೆ ಬೀಳುವುದೇ ಇಲ್ಲ. ಪಶ್ಚಿಮದ ಗೋಪುರದ ನೆರಳು ಸಂಜೆಯ ಹೊತ್ತಿಗೆ ಚಾವಣಿಯ ಮೇಲೆ ಹಾಯುವುದೊಂದು ತೊಡಕು. ಒಂದು ಫಲಕಕ್ಕೆ ನೆರಳು ಬಿದ್ದರೂ ಅದರೊಡನೆ ಸರಣಿಯಾಗಿ ಜೋಡಿಸಿದ ಉಳಿದವುಗಳ ಉತ್ಪತ್ತಿ ಕುಗ್ಗಬಹುದು.

ಮಾಡಿನ ಹೊದಿಕೆ ಅನೇಕ ಕಡೆಗಳಲ್ಲಿ ಸೀಸದ ತಗಡು. ಸೀಸವು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಲೋಹ. ಅದಕ್ಕೆ ಮೊಳೆ ಹೊಡೆದು ಫಲಕವನ್ನು ಬಿಗಿದರೆ ಈ ಚಲನೆಗೆ ಎಡೆಯಿಲ್ಲದೆ ತಗಡು ಸೀಳುತ್ತದೆ; ಸೀಳಿನಲ್ಲಿ ಇಳಿದ ನೀರು ಕೆಳಗಿನ ಓಕ್ ಮರದ ತೊಲೆಗಳನ್ನು ಕೊಳೆಯಿಸುತ್ತದೆ. ಆದುದರಿಂದ ತಗಡನ್ನು ತೂತು ಮಾಡದೆ, ಅದರ ಉಬ್ಬುಪಟ್ಟಿಗಳನ್ನು ಹಿಡಿಕೆಗಳಿಂದ ಕಚ್ಚಿಹಿಡಿಯುವ ಅಥವಾ ಭಾರದಿಂದಲೇ ನಿಲ್ಲುವ ಚೌಕಟ್ಟುಗಳನ್ನು ಬಳಸುತ್ತಾರೆ. ಒಂದೊಂದು ಫಲಕದ ತೂಕ ಸುಮಾರು 20 ಕಿಲೋಗ್ರಾಂ. ಅದಕ್ಕಿಂತಲೂ ಗಾಳಿಯ ಸೆಳೆತವನ್ನು ಹಳೆಯ ಮರಗೆಲಸವು ತಾಳಬಲ್ಲುದೇ ಎಂಬುದನ್ನು ತಜ್ಞರು ಮೊದಲೇ ಲೆಕ್ಕ ಹಾಕಬೇಕು. ತಂತಿಯನ್ನು ನೆಲದಡಿಯಲ್ಲಿ ಒಯ್ಯಬೇಕಾದರೆ ಅಗೆಯಬೇಕಾದದ್ದು ಸಮಾಧಿಭೂಮಿಯನ್ನು. ಮಾಡಿನ ಸಂದುಗಳಲ್ಲಿ ವಾಸಿಸುವ ಬಾವಲಿಗಳಿಗೂ 1981ರ ವನ್ಯಜೀವಿ ಶಾಸನದ ರಕ್ಷಣೆಯಿದೆ!

ಇಷ್ಟೆಲ್ಲ ಶ್ರಮಕ್ಕೆ ತಕ್ಕ ಫಲವುಂಟೇ? ಇಲ್ಲಿಯೇ ಉತ್ಸಾಹಿಗಳು ಎಡವುವುದು. ಇಗರ್ಜಿಯಲ್ಲಿ ಖರ್ಚಾಗುವ ಶಕ್ತಿಯ ಬಹುಪಾಲು ದೀಪಕ್ಕಲ್ಲ, ಚಳಿಗಾಲದಲ್ಲಿ ಒಳಗನ್ನು ಬೆಚ್ಚಗಿಡುವುದಕ್ಕೆ. ಡಿಸೆಂಬರಿನ ನಡುಹಗಲಿನಲ್ಲಿ ಲಂಡನ್ನಿನ ಸೂರ್ಯನು ದಿಗಂತದಿಂದ 15 ಅಂಶಗಳಷ್ಟು ಮಾತ್ರ ಮೇಲಿರುತ್ತಾನೆ. ಜೂನಿನಲ್ಲಿ 62 ಅಂಶ. ಬೇಕಾದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಬೇಕಿಲ್ಲ. ವಾರಕ್ಕೆ ಒಂದೆರಡು ತಾಸು ಮಾತ್ರ ಬಾಗಿಲು ತೆರೆಯುವ ಹಳ್ಳಿಯ ಇಗರ್ಜಿಯಲ್ಲಂತೂ ಉತ್ಪತ್ತಿಯಾದ ವಿದ್ಯುತ್ತಿನ ಹೆಚ್ಚಿನ ಪಾಲನ್ನು ಹೊರಗೆ ಮಾರಬೇಕಾಗುತ್ತದೆ. 2010ರಲ್ಲಿ ಸರ್ಕಾರವು ಇಂತಹ ವಿದ್ಯುತ್ತಿಗೆ ಉದಾರವಾದ ದರವನ್ನು ಗೊತ್ತುಮಾಡಿತ್ತು. 2019ರ ಮಾರ್ಚಿಗೆ ಆ ಯೋಜನೆಯ ಬಾಗಿಲು ಹೊಸಬರಿಗೆ ಮುಚ್ಚಿತು. 2020ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಹೊರಗೆ ಕಳುಹಿಸಿದ ವಿದ್ಯುತ್ತಿಗೆ ಮಾತ್ರ ಬೆಲೆ ದೊರೆಯುತ್ತದೆ. ವಾರವಿಡೀ ಮಕ್ಕಳ ಶಿಬಿರ, ಭೋಜನಶಾಲೆ, ಸಂಗೀತಸಭೆಗಳು ನಡೆಯುವ ಪೇಟೆಯ ಇಗರ್ಜಿಗೆ ಫಲಕವು ಒಪ್ಪುತ್ತದೆ. ಹಳ್ಳಿಯ ಇಗರ್ಜಿಗೆ ಸೋರುವ ಮಾಡನ್ನು ಸರಿಪಡಿಸಿ, ಗಾಳಿ ನುಗ್ಗುವ ಬಾಗಿಲಿಗೆ ಪಟ್ಟಿ ಹೊಡೆದು, ಆಸನಗಳನ್ನು ಮಾತ್ರ ಬಿಸಿಮಾಡುವ ಉಪಕರಣ ಇರಿಸುವುದೇ ಲೇಸು. ಫಲಕದ ಸರದಿ ಅನಂತರದ್ದು.

ನಿರ್ಧರಿಸುವವರಾರು ಎಂಬುದು ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ. 1913ರಿಂದಲೂ, ಬಳಕೆಯಲ್ಲಿರುವ ಇಗರ್ಜಿಗಳಿಗೆ ಸ್ಮಾರಕ ಕಾನೂನಿನಿಂದ ಒಂದು ವಿನಾಯಿತಿಯಿದೆ. ಅದರ ಬದಲಿಗೆ ಚರ್ಚು ತನ್ನದೇ ನ್ಯಾಯಾಲಯವನ್ನು ನಡೆಸುತ್ತದೆ. ಕಟ್ಟಡದಲ್ಲಿ ಮಹತ್ವದ ಮಾರ್ಪಾಟು ಮಾಡಬೇಕಾದರೆ ಧರ್ಮಪ್ರಾಂತದ ಚಾನ್ಸಲರ್ ಎಂಬ ನ್ಯಾಯಾಧೀಶರಿಂದ ಫ್ಯಾಕಲ್ಟಿ ಎಂಬ ಅಪ್ಪಣೆಪತ್ರ ಪಡೆಯಬೇಕು. ಹೊರಗಿನ ಮಾರ್ಪಾಟಿಗೆ ಕೆಲವೊಮ್ಮೆ ನಗರಸಭೆಯ ಪರವಾನಗಿಯೂ ಬೇಕಾಗುತ್ತದೆ. ಡರ್ಬಿಷೈರಿನ ಡಫೀಲ್ಡ್ ಎಂಬ ಊರಿನ ಇಗರ್ಜಿಯಲ್ಲಿ ಒಂದು ಮರದ ತಡಿಕೆಯನ್ನು ಸ್ಥಳಾಂತರಿಸುವ ವ್ಯಾಜ್ಯದಲ್ಲಿ ಮೇಲಿನ ನ್ಯಾಯಾಲಯವು 2012ರಲ್ಲಿ ಒಂದು ಪ್ರಶ್ನಮಾಲೆಯನ್ನು ರೂಪಿಸಿಕೊಟ್ಟಿತು: ಈ ಕೆಲಸದಿಂದ ಕಟ್ಟಡದ ಮಹತ್ತ್ವಕ್ಕೆ ಹಾನಿಯುಂಟೇ? ಇದ್ದರೆ ಎಷ್ಟು? ಕಾರಣವು ಎಷ್ಟರಮಟ್ಟಿಗೆ ಸ್ಪಷ್ಟವಾಗಿದೆ? ಲೋಕಹಿತವು ಹಾನಿಯನ್ನು ಮೀರುವುದೇ? ತಡಿಕೆಯ ವ್ಯಾಜ್ಯದಲ್ಲಿ ಹುಟ್ಟಿದ ಆ ಪ್ರಶ್ನೆಗಳೇ ಫಲಕಗಳಿಗೂ ಅಳತೆಗೋಲಾಗಿವೆ. ಬದಲಾವಣೆಯನ್ನು ಬೇಡವೆನ್ನದೆ, ಅದರಿಂದ ಉತ್ತರ ಹೇಳಿಸುವ ಈ ಪದ್ಧತಿ ಪ್ರಶಂಸನೀಯವಾದುದು. 2022ರ ಜುಲೈಯಿಂದ ಈ ನಿಯಮಗಳಲ್ಲಿ ಇಂಗಾಲದ ವಿಚಾರವೂ ಸೇರಿದ್ದು, ಅರ್ಜಿದಾರರು ಆ ಕುರಿತ ಮಾರ್ಗದರ್ಶನವನ್ನು ಗಮನಿಸಲೇಬೇಕಾಗಿದೆ.

ವಿರೋಧಿಗಳ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 19ನೆಯ ಶತಮಾನದಲ್ಲಿ ನವೀಕರಣದ ಹೆಸರಿನಲ್ಲಿ ಹಳೆಯ ಇಗರ್ಜಿಗಳನ್ನು ಕೆರೆದು ಹೊಸದಾಗಿಸುವ ಹುಚ್ಚು ಹಬ್ಬಿದಾಗ, ಅದನ್ನು ತಡೆಯಲು ಕವಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದನು. ಹಳೆಯದನ್ನು ಹೊಸದರಂತೆ ತೋರಿಸದೆ ದುರಸ್ತಿಯಲ್ಲಿಡುವುದೇ ಆ ಸಂಘದ ತತ್ತ್ವ. ನಮ್ಮ ಶಾಸನಗಳಲ್ಲಿ ಬರುವ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜದ ಭಾವವೂ ಇದೇ: ಮುರಿದದ್ದನ್ನು, ಬಿರಿದದ್ದನ್ನು ಸರಿಪಡಿಸುವುದು. ಅವೇ ಶಾಸನಗಳಲ್ಲಿ ನಂದಾದೀವಿಗೆಗೆಂದು ಬಿಟ್ಟ ದತ್ತಿಗಳೂ ಕಾಣಸಿಗುತ್ತವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿಯೂ ಊರಿನವರು ಮೂರ್ತಿಗಳ ಮುಂದೆ ಮೇಣದ ದೀಪ ಉರಿಸಲು ಭೂಮಿಯನ್ನೂ ಹಣವನ್ನೂ ದತ್ತಿಯಾಗಿ ಬಿಡುತ್ತಿದ್ದರು. 1547ರ ಶಾಸನವು ಅವನ್ನೆಲ್ಲ ಅರಸನ ವಶಕ್ಕೆ ತಂದಿತು. ಫಲಕಕ್ಕೆ ಹಣ ಕೂಡಿಸುವ ಈಗಿನ ಭಕ್ತರು ಆ ಹಳೆಯ ದಾನಿಗಳಿಗೆ ದೂರದವರೇನಲ್ಲ.

ಉದಾಹರಣೆಗಳ ಪೈಕಿ 2011ರಲ್ಲಿ 42 ಫಲಕಗಳನ್ನು ಹೊತ್ತ ಬ್ರ್ಯಾಡ್‌ಫರ್ಡಿನ ಪ್ರಧಾನ ಇಗರ್ಜಿ ಹಳೆಯದು. ಅದು 1919ರವರೆಗೆ ಆ ಊರಿನ ಪ್ಯಾರಿಷ್ ಚರ್ಚೇ ಆಗಿತ್ತು. 2016ರಲ್ಲಿ ಗ್ಲಾಸ್ಟರಿನ ಪ್ರಧಾನ ಇಗರ್ಜಿ 150 ಫಲಕಗಳನ್ನು ಹೊತ್ತಿತು. ಹೆಚ್ಚು ಚರ್ಚೆಗೊಳಗಾದುದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ. ಅದು ಪ್ಯಾರಿಷ್ ಚರ್ಚಲ್ಲದಿದ್ದರೂ 1446ರಲ್ಲಿ ಆರನೆಯ ಹೆನ್ರಿ ಆರಂಭಿಸಿದ ಆ ಕಟ್ಟಡದ ಆಕಾಶರೇಖೆ ಲೋಕಪ್ರಸಿದ್ಧ. ಅದರ ಮೇಲೆ ಗಾಜು ಹೊಳೆಯುವುದೇ ಎಂದು ಹಲವರು ಆಕ್ಷೇಪಿಸಿದರು. ಕಡೆಗೆ ನಗರಸಭೆಯ ಒಪ್ಪಿಗೆ ದೊರೆತು 2023ರಲ್ಲಿ 438 ಫಲಕಗಳು ಅಲ್ಲಿ ಕುಳಿತವು. ಮಾಡಿನ ಸೀಸವನ್ನು ಹೇಗೂ ಹೊಸದಾಗಿ ಹೊದಿಸಬೇಕಾಗಿದ್ದ ಸಂದರ್ಭದಲ್ಲಿ ಆ ಕೆಲಸವನ್ನು ಕೈಗೊಂಡದ್ದು ವಿವೇಕ. ಚೆನ್ನಾಗಿ ಹೊದಿಸಿದ ಸೀಸವು ನೂರು ವರ್ಷ ಬಾಳುತ್ತದೆ. ಫಲಕದ ಆಯುಸ್ಸು ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು. ಹಳೆಯ ಮಾಡಿನ ಮೇಲೆ ಹೊಸ ಫಲಕ ಕೂರಿಸಿದವರು ಮಾಡು ಸೋರಿದಾಗ ಎಲ್ಲವನ್ನೂ ಕಳಚಬೇಕಾಗುತ್ತದೆ.

1955ರಲ್ಲಿ ಆರಂಭವಾದ ಪದ್ಧತಿಯಂತೆ ಇಂಗ್ಲೆಂಡಿನ ಪ್ರತಿಯೊಂದು ಇಗರ್ಜಿಯನ್ನೂ ಐದು ವರ್ಷಗಳಿಗೊಮ್ಮೆ ವಾಸ್ತುತಜ್ಞರು ಪರೀಕ್ಷಿಸಿ ವರದಿ ಬರೆಯಬೇಕು. ಕಲ್ಲಿನ ಬಿರುಕು, ತೊಲೆಯ ಹುಳುಕು, ಮಳೆನೀರಿನ ದೋಣಿಗಳನ್ನು ನೋಡಲು ಏಣಿ ಹತ್ತುವ ಆ ತಜ್ಞರು, ಫಲಕಗಳಿರುವ ಕಡೆ ಇನ್ನು ಮುಂದೆ ಅವುಗಳ ಹಿಡಿಕೆಗಳನ್ನೂ ಅವುಗಳಡಿಯ ಸೀಸವನ್ನೂ ಕೈಯಾಡಿಸಿ ನೋಡಬೇಕು.