ಬಸ್ಕಿ ಯಾವುದಾದರೇನು, ಪೂರ್ತಿ ಕೂರು

ತಮ್ಮಾ, ಸಾಸ್ವೆಹಳ್ಳಿಯಿಂದ ಹೊನ್ನಾಳಿಗೆ ಬೈಕಿನಲ್ಲಿ ಹೋಗಿ ಜಿಮ್ ಮಾಡಿ ಬರ್ತೀಯಲ್ಲ, ಸಂತೋಷ. ಆದರೆ ಫೋನ್ ನೋಡಿಕೊಂಡು ವಾರಕ್ಕೊಂದು ಥರದ ಸ್ಕ್ವಾಟ್ ಹಿಡಿಯುವ ನಿನ್ನ ಚಾಳಿ ನನಗೆ ಸರಿ ಕಾಣ್ತಿಲ್ಲ. ‘ಇದರಲ್ಲಿ ಗ್ಲೂಟ್ಸ್ ಆಕ್ಟಿವೇಶನ್ ಜಾಸ್ತಿ’ ಅಂತೀಯ, ಅಂದರೆ ಕುಂಡಿಯ ಸ್ನಾಯು ಹೆಚ್ಚು ದುಡಿಯುತ್ತೆ ಅಂತ. ಆ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ತಿಳಿದುಕೋ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಒಳಗಿನ ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುತ್ತಾರೆ, ಅದೇ ಇಎಂಜಿ. ಸಂಕೇತ ಜೋರಾಗಿದ್ದರೆ ಆ ಹೊತ್ತಿಗೆ ಆ ಸ್ನಾಯು ಹೆಚ್ಚು ಚುರುಕಾಗಿದೆ ಅಂತ ಅರ್ಥ, ಅಷ್ಟೇ. ನಾಳೆ ಅದು ದಪ್ಪ ಆಗೇ ಆಗುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

2002ರಲ್ಲಿ ಅಮೆರಿಕದಲ್ಲಿ, ಭಾರ ಎತ್ತಿ ಪಳಗಿದ 10 ಜನರ ಮೇಲೆ ಇಂಥದೊಂದು ಪರೀಕ್ಷೆ ನಡೆಯಿತು. ಏಳುವಾಗ ನಾಲ್ಕು ಸ್ನಾಯುಗಳ ಒಟ್ಟು ದುಡಿಮೆಯಲ್ಲಿ ಕುಂಡಿಯ ಸ್ನಾಯುವಿನ ಪಾಲು, ಸ್ವಲ್ಪ ಕೂತಾಗ ಶೇ. 17, ತೊಡೆ ನೆಲಕ್ಕೆ ಸಮವಾದಾಗ 28, ಪೂರ್ತಿ ಕೂತಾಗ 35. ಆದರೆ ಮೂರಕ್ಕೂ ಒಂದೇ ಭಾರ ಹಾಕಿದ್ದರು. ಅರ್ಧ ಕೂರುವವನು ಅದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತಾನೆ, ಆದ್ದರಿಂದ ಈ ಅಂತರವನ್ನು ಪೂರ್ತಿ ನಂಬಲಾಗದು.

ನನಗೆ ಒಪ್ಪಿಗೆಯಾದದ್ದು 2019ರ ಜಪಾನಿನ ಪರೀಕ್ಷೆ. 17 ಗಂಡಸರು, ಹತ್ತು ವಾರ, ವಾರಕ್ಕೆ ಎರಡು ಸಲ. ಸಂಕೇತದ ಗೋಜಿಲ್ಲ, ಸ್ನಾಯುವಿನ ಗಾತ್ರವನ್ನೇ ಎಂಆರ್‌ಐನಲ್ಲಿ ನೋಡಿದರು. ಅರ್ಧ ಕೂತವರಿಗಿಂತ ಪೂರ್ತಿ ಕೂತವರಿಗೆ ಕುಂಡಿ, ಒಳತೊಡೆ ಹೆಚ್ಚು ಬೆಳೆದಿತ್ತು. ಮಂಡಿ ನೆಟ್ಟಗೆ ಮಾಡುವ ಮುಂದೊಡೆ ಇಬ್ಬರಿಗೂ ಹೆಚ್ಚುಕಡಿಮೆ ಸಮ. ಹಿಂದೊಡೆ ಮಾತ್ರ ಇಬ್ಬರಿಗೂ ಬೆಳೆಯಲೇ ಇಲ್ಲ! ನೀನು ಸ್ಕ್ವಾಟಿನಿಂದಲೇ ಹ್ಯಾಮ್‌ಸ್ಟ್ರಿಂಗ್ ಬೆಳೆಸ್ತೀನಿ ಅಂತ ಕೂತಿದ್ದೀಯ. ಅದಕ್ಕೆ ಮಂಡಿಯನ್ನು ತುಸುವೇ ಮಡಿಸಿ, ಸೊಂಟದಿಂದ ಬಾಗಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್ ಹಿಡಿ.

ಬಾರ್ ಬೆನ್ನ ಮೇಲೋ ಎದೆಯ ಮೇಲೋ ಅನ್ನುವ ಜಗಳವೂ ಅಷ್ಟೆ. ಭತ್ತದ ಚೀಲವನ್ನು ಹಮಾಲರು ಬೆನ್ನಿಗೆ ಹಾಕಿಕೊಂಡರೆ ಒಂದು ನಡಿಗೆ, ಎದೆಗವಚಿಕೊಂಡರೆ ಇನ್ನೊಂದು, ಚೀಲವಂತೂ ಅದೇ. 2009ರಲ್ಲಿ 15 ಜನರನ್ನು ಅಳೆದಾಗಲೂ ಎರಡರಲ್ಲೂ ಸ್ನಾಯುಗಳ ಒಟ್ಟು ಚಟುವಟಿಕೆ ಒಂದೇ ಬಂತು. ಎದೆಯ ಮೇಲೆ ಹೊತ್ತಾಗ ಎತ್ತಿದ ಭಾರ ಕಡಿಮೆ, ಮಂಡಿಯ ಮೇಲಿನ ಒತ್ತಡವೂ ಕಡಿಮೆ. ಮಂಡಿ ಗೊಣಗುವವರಿಗೆ ಅದು ಒಳ್ಳೆಯದು.

ದಾವಣಗೆರೆ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದ್ದೀಯಲ್ಲ, ಆ ಪೈಲ್ವಾನರು ಗರಡಿಯಲ್ಲಿ ಹೊಡೆಯುವ ಬೈಠಕ್ ಗಮನಿಸು. ಕೆಳಗಿಳಿಯುವಾಗ ಹಿಮ್ಮಡಿ ಮೇಲೇಳುತ್ತೆ, ಮಂಡಿ ಬೆರಳು ದಾಟಿ ಮುಂದೆ ಹೋಗುತ್ತೆ, ತೋಳು ಬೀಸಿ ಏಳುತ್ತಾರೆ. ಭಾರವೆಲ್ಲ ಮುಂದೊಡೆಗೆ. ಮೈಭಾರ ಬಿಟ್ಟು ಬೇರೆ ತೂಕ ಇಲ್ಲದ್ದಕ್ಕೆ ಅದು ನಡೆಯುತ್ತೆ. ಬಾರ್ ಹೊತ್ತು ಹಾಗೆ ಮಾಡಲು ಹೋಗಬೇಡ ಮತ್ತೆ!

ಒಂದೇ ಥರದ್ದನ್ನು ಮೂರು ತಿಂಗಳು ಬಿಡದೆ ಹಿಡಿ. ಹಿಮ್ಮಡಿ ನೆಲ ಬಿಡದೆ, ಬೆನ್ನು ಗೂನಾಗದೆ ಎಷ್ಟು ಕೂರಬಲ್ಲೆಯೋ ಅಷ್ಟು ಕೂರು. ಆಗದಿದ್ದರೆ ತೂಕ ಇಳಿಸು. ರ‍್ಯಾಕಿನ ಅಡ್ಡಸರಳು ಹಾಕದೆ ಬಾರ್ ಮುಟ್ಟಬೇಡ. ಏಳಲಾಗದೆ ಕೂತುಬಿಟ್ಟರೆ ಅದರ ಮೇಲೆ ಇಳಿಸಿ ಈಚೆ ಬಂದುಬಿಡು, ನಾಚಿಕೆಯೇನಿಲ್ಲ.