ಮತದಾರರ ಪಟ್ಟಿಯಿಂದ ಹೆಸರು ಹೋದರೆ: ಕೊಯಮತ್ತೂರು, ತಿರುಪ್ಪೂರು ಟಿಪ್ಪಣಿ

ತಮಿಳುನಾಡಿನಲ್ಲಿ ವಿಶೇಷ ತೀವ್ರ ಪರಿಷ್ಕರಣೆಯ (ಎಸ್‌ಐಆರ್) ಮನೆಮನೆ ಎಣಿಕೆ 2025ರ ನವೆಂಬರ್ 4ರಂದು ಆರಂಭವಾಯಿತು. ಡಿಸೆಂಬರ್ 19ರ ಕರಡು ಪಟ್ಟಿಯಲ್ಲಿ ರಾಜ್ಯದಾದ್ಯಂತ 97 ಲಕ್ಷಕ್ಕೂ ಹೆಚ್ಚು ಹೆಸರುಗಳು ಇರಲಿಲ್ಲ. ಸಾವು, ಸ್ಥಳಾಂತರ, ಎರಡು ಕಡೆ ನೋಂದಣಿ ಮುಖ್ಯ ಕಾರಣಗಳು.

‘ಸ್ಥಳಾಂತರ’ ಎಂಬ ಪದ ತಿರುಪ್ಪೂರಿನಲ್ಲಿ ಹೆಚ್ಚು ತೊಡಕಿನದು. 2009ರಲ್ಲಿ ರಚನೆಯಾದ ಈ ಜಿಲ್ಲೆಯ ಬನಿಯನ್ ಕಾರ್ಖಾನೆಗಳ ಕಾರ್ಮಿಕರು ಬಾಡಿಗೆ ಕೋಣೆಗಳನ್ನು ಬದಲಿಸುತ್ತಲೇ ಇರುತ್ತಾರೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 19ನೇ ಕಲಂ ಮತದಾರರು ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ ಆಗಿರಬೇಕೆನ್ನುತ್ತದೆ. ಸ್ವಂತ ಮನೆ ಬೇಕೆನ್ನುವುದಿಲ್ಲ. ಕೊಯಮತ್ತೂರಿನ ಕನ್ನಡ ಮಾತಾಡುವ ದೇವಾಂಗರು, ಒಕ್ಕಲಿಗರು, ಮುಸ್ಲಿಮರು, ಆನೈಮಲೈ ಬೆಟ್ಟದ ಆದಿವಾಸಿಗಳು, ಎಲ್ಲರಿಗೂ ಇದೇ ನಿಯಮ.

ತಳಮಟ್ಟದ ಕೆಲಸ ಬೂತಿನಲ್ಲೇ ನಡೆಯುತ್ತದೆ: ಕರಡು ಪಟ್ಟಿ ಓದಿ ಹೇಳುವುದು, ಸೇರ್ಪಡೆಗೆ ನಮೂನೆ 6, ತಿದ್ದುಪಡಿ ಅಥವಾ ವಿಳಾಸ ಬದಲಾವಣೆಗೆ ನಮೂನೆ 8 ತುಂಬಿಸುವುದು. ಆಕ್ಷೇಪಣೆಗೆ ನಮೂನೆ 7. ನೋಂದಣಾಧಿಕಾರಿಯ ಆದೇಶದ ವಿರುದ್ಧ ಅದೇ ಕಾಯ್ದೆಯ 24ನೇ ಕಲಂ ಪ್ರಕಾರ ಮೊದಲ ಮೇಲ್ಮನವಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಎರಡನೆಯದು ಮುಖ್ಯ ಚುನಾವಣಾಧಿಕಾರಿಗೆ.

ನೆನಪಿಡಬೇಕಾದ ತೀರ್ಪು: ಲಾಲ್ ಬಾಬು ಹುಸೇನ್ ಪ್ರಕರಣ (1995). ಹಿಂದೆ ಪಟ್ಟಿಯಲ್ಲಿದ್ದವರ ಹೆಸರನ್ನು ನೋಟಿಸ್ ಕೊಡದೆ, ಅಹವಾಲು ಕೇಳದೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ವಯಸ್ಕ ಮತದಾನದ ಆಧಾರ ಸಂವಿಧಾನದ 326ನೇ ವಿಧಿ. ಧರ್ಮ, ಜಾತಿಯ ಕಾರಣಕ್ಕೆ ಯಾರನ್ನೂ ಅನರ್ಹಗೊಳಿಸಬಾರದೆನ್ನುವುದು 325ನೇ ವಿಧಿ.