ಬೂದವ್ವ ಕಲಿಸಿದ ಪಾಠ



ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದವರು, ನಾನು ಶಿಸ್ತಿನ ವಿಷಯವಾಗಿ ನಾಲ್ಕು ಮಾತು ಬರೆಯುವೆನೆಂದು ತಿಳಿದಿದ್ದರು. ನಾನಾದರೋ ಒಂದು ಬೆಕ್ಕಿನ ವಿಷಯವಾಗಿ ಬರೆಯಲು ಮನಸ್ಸು ಮಾಡಿದ್ದೇನೆ. ನಗುವವರು ನಗಲಿ, ಕಡೆಯ ವರೆಗೆ ಓದಿದರೆ ಇದು ಶಿಸ್ತಿನ ಲೇಖನವೂ ಆಗಿದೆಯೆಂದು ಕಂಡುಬರುವುದು.

ಅಳ್ನಾವರದ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ವರ್ಣಿಸಬೇಕಾದದ್ದಿಲ್ಲ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವ ಊರು ಇದು. ಅಂಥ ಮಳೆಯ ಒಂದು ಸಾಯಂಕಾಲ ನಾನು ರೇಲ್ವೆ ನಿಲ್ದಾಣದಿಂದ ಮನೆಗೆ ನಡೆದು ಬರುತ್ತಿದ್ದಾಗ ಒಂದು ಸಣ್ಣ ಮೋರಿಯ ಬಳಿ ಕ್ಷೀಣವಾದ ಧ್ವನಿಯು ಕೇಳಿಬಂದಿತು. ಬಾಯಿ ಕಟ್ಟಿದ ಒಂದು ಗೋಣಿಚೀಲವು ನೀರಿನ ಅಂಚಿನಲ್ಲಿ ಬಿದ್ದಿತ್ತು. ಬಿಚ್ಚಿ ನೋಡಲು ನಾಲ್ಕು ಬೆಕ್ಕಿನ ಮರಿಗಳು. ಮೂರು ಸತ್ತಿದ್ದವು. ನಾಲ್ಕನೆಯದು ಬೂದಿಬಣ್ಣದ್ದು, ಅದರ ಬಾಯಿ ತೆರೆಯುತ್ತಿತ್ತು, ಸ್ವರ ಮಾತ್ರ ಹೊರಡುತ್ತಿರಲಿಲ್ಲ.

ನಾನು ಬೆಕ್ಕುಗಳನ್ನು ಪ್ರೀತಿಸಿದವಳಲ್ಲ. ಕರುಣೆಗಿಂತ ಹೆಚ್ಚಾಗಿ ನಾಚಿಕೆಯಿಂದಲೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದೆನು. ಎಂಟು ದಿನ ಸಾಕಿ ಯಾರಿಗಾದರೂ ಕೊಟ್ಟುಬಿಡೋಣವೆಂದು ಬಾಗಿಲಲ್ಲಿ ನಿಂತು ನನ್ನ ತಾಯಿಗೆ ಹೇಳಿದೆನು. ಅವಳು, “ಮೊದಲ ಒಳಗ ಬಾ. ಜೀವ ಐತಿ ಅದಕ್ಕ,” ಎಂದಷ್ಟೇ ನುಡಿದು ಒಲೆಯ ಹತ್ತಿರ ಹಳೆಯ ಕಂಬಳಿಯನ್ನು ಹಾಸಿದಳು. ಬೂದವ್ವ ಎಂಬ ಹೆಸರನ್ನು ಇಟ್ಟವಳೂ ಅವಳೇ.

ಮೊದಲನೆಯ ರಾತ್ರಿಯಲ್ಲಿಯೇ ನನ್ನ ಅಜ್ಞಾನದಿಂದ ಆ ಜೀವಕ್ಕೆ ಅಪಾಯ ಒದಗಿತು. ನಾನು ಹಸುವಿನ ಹಾಲನ್ನು ಹೊಟ್ಟೆ ತುಂಬ ಕುಡಿಸಿದೆನು. ಬೆಳಗಾಗುವಷ್ಟರಲ್ಲಿ ಮರಿಗೆ ಭೇದಿಯಾಗಿ ಕತ್ತು ಎತ್ತಲಾರದೆ ಹೋಯಿತು. ಬೆಕ್ಕಿಗೆ ಹಾಲೇ ಆಹಾರವೆಂದು ನಾವೆಲ್ಲರೂ ಬಾಲ್ಯದಿಂದ ನಂಬಿದ್ದೇವೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿತೆಂಬ ಕಥೆಗೆ ನಾವು ನಗುವುದೂ ಅದಕ್ಕಾಗಿಯೇ. ಆದರೆ ಹಸುವಿನ ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ಬೆಕ್ಕುಗಳಲ್ಲಿ ಬಹಳ ಕಡಿಮೆ. ಪಶುವೈದ್ಯರು ಮೂರು ಮಾತುಗಳನ್ನು ತಿಳಿಸಿದರು. ಚಳಿಗೆ ಮರಗಟ್ಟಿದ ಮರಿಗೆ ಮೊದಲು ಶಾಖ, ಆಮೇಲೆ ಆಹಾರ. ಯಾಕಂದರೆ ತಣ್ಣಗಾದ ಮೈಯಲ್ಲಿ ಜೀರ್ಣಕ್ರಿಯೆಯು ನಡೆಯದು. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಕುಡಿಸುವಾಗ ಕೂಸಿನಂತೆ ಅಂಗಾತ ಮಲಗಿಸದೆ, ಹೊಟ್ಟೆಯ ಮೇಲೆ ಮಲಗಿಸಬೇಕು. ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುವುದು. ನಾಲ್ಕು ದಿನ ನಾನೂ ನನ್ನ ತಾಯಿಯೂ ಸರದಿಯಂತೆ ಎದ್ದೆವು. ಐದನೆಯ ದಿನ ಬೂದವ್ವ ತಾನಾಗಿ ಕಂಬಳಿಯಿಂದ ಇಳಿದು ನನ್ನ ಪಾದದ ಮೇಲೆ ಬಂದು ಮಲಗಿದಳು. ಎಂಟು ದಿನದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಲವತ್ತು ದಾಟಿದ ಶಿಕ್ಷಕಿಯು ಹೀಗೆ ಹೊಸದಾಗಿ ವಿದ್ಯಾರ್ಥಿನಿಯಾದಳು. ನಾನು ಓದಿ ತಿಳಿದುಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ಹೇಳುವೆನು.

ಮನೆಯ ಬೆಕ್ಕು ಆಫ್ರಿಕಾ ಮತ್ತು ಪಶ್ಚಿಮ ಏಷ್ಯದ ಒಂದು ಕಾಡುಬೆಕ್ಕಿನ ಸಂತತಿಯು. ಮನುಷ್ಯನು ದವಸವನ್ನು ಕೂಡಿಡಲು ಕಲಿತಾಗ ಇಲಿಗಳು ಬಂದವು, ಇಲಿಗಳ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿಯನ್ನು ಪಂಡಿತರು 2004ರಲ್ಲಿ ಪ್ರಕಟಿಸಿದರು. ನಮಗೂ ಬೆಕ್ಕಿಗೂ ಇರುವ ನಂಟು ಅಷ್ಟು ಹಳೆಯದು. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ ಮನೆಯ ಬೆಕ್ಕಿನ ಪ್ರಸ್ತಾಪವಿಲ್ಲ. ಆದರೆ ಬೆಲೆಯಿಲ್ಲದ ಗುಬ್ಬಿಯನ್ನೂ ತಪ್ಪಿಹೋದ ಒಂದು ಕುರಿಯನ್ನೂ ಮರೆಯದ ಗ್ರಂಥವು ಮೋರಿಯಲ್ಲಿ ಬಿದ್ದ ಮರಿಯನ್ನು ಹೊರಗಿಟ್ಟೀತೇ?

ಬೆಕ್ಕಿಗೆ ಮನೆಯ ಮೇಲೆ ಪ್ರೀತಿಯೇ ಹೊರತು ಮನುಷ್ಯರ ಮೇಲೆ ಇಲ್ಲವೆಂದು ಹೇಳುವವರುಂಟು. ಈ ಅಪವಾದವೂ ನಿಜವಲ್ಲ. ಬೆಕ್ಕುಗಳು ಬೇರೆ ಮಾತುಗಳ ನಡುವೆ ತಮ್ಮ ಹೆಸರನ್ನು ಗುರುತಿಸಬಲ್ಲವೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. ಅದೇ ವರ್ಷ ಅಮೇರಿಕೆಯ ಒರೆಗಾನ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ನಡೆದ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 64ರಷ್ಟು ಮರಿಗಳು, ಸಾಕಿದವರು ಸ್ವಲ್ಪ ಹೊತ್ತು ಹೊರಗೆ ಹೋಗಿ ಮರಳಿ ಬಂದಾಗ, ತಾಯಿಯನ್ನು ಕಂಡ ಕೂಸುಗಳಂತೆ ಸಮಾಧಾನಗೊಂಡವು. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂವ್ ಎನ್ನುವುದು ಅಪರೂಪ. ಆ ಧ್ವನಿಯನ್ನು ಅವು ಹೆಚ್ಚಾಗಿ ನಮಗೋಸ್ಕರವೇ ಉಳಿಸಿಕೊಂಡಿವೆ.

ಪ್ರೀತಿಯಿದ್ದರೆ ಸಾಲದು, ವಿವೇಕವೂ ಬೇಕು. ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಮಾತುಗಳನ್ನು ಲಕ್ಷ್ಯದಲ್ಲಿಡಬೇಕು. ಮರಿಯು ಮೂರು ತಿಂಗಳಿನದಾದಾಗ ರೇಬೀಸ್ ರೋಗದ ಲಸಿಕೆಯನ್ನು ಹಾಕಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅರಿಸಿನ ಹಚ್ಚಿ ಸುಮ್ಮನಿರಬಾರದು. ಗರ್ಭಿಣಿಯರು ಬೆಕ್ಕಿನ ಮಲವನ್ನು ಬಳಿಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯು ಬೆಕ್ಕಿಗೆ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳೂ ಆಗವು. ಬೆಕ್ಕು ಮಾಂಸಾಹಾರಿ ಪ್ರಾಣಿಯು. ಬರಿಯ ಹಾಲು ಅನ್ನದಿಂದ ಅದರ ದೇಹವು ನೆಟ್ಟಗೆ ಬೆಳೆಯದು.

ಇನ್ನೊಂದು ಮಾತು ಮುಖ್ಯವಾದದ್ದು. ಹೆಣ್ಣು ಬೆಕ್ಕು ನಾಲ್ಕು ಐದು ತಿಂಗಳಿನ ಪ್ರಾಯದಲ್ಲಿಯೇ ಗರ್ಭ ಧರಿಸಬಲ್ಲದು; ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುವುದು. ಬೇಡವಾದ ಮರಿಗಳೇ ಗೋಣಿಚೀಲವನ್ನು ಸೇರುತ್ತವೆ. ಆದಕಾರಣ ಸಕಾಲದಲ್ಲಿ ಸಂತಾನಹರಣ ಶಸ್ತ್ರಕ್ರಿಯೆಯನ್ನು ಮಾಡಿಸುವುದು ನಿರ್ದಯವಲ್ಲ, ದಯೆಯೇ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಂದ ಸಂಕಟಪಡುವಂತೆ ಕೈಬಿಡುವುದು 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನೂ ನಮ್ಮ ಮಕ್ಕಳು ತಿಳಿದಿರಲಿ.

ಅಡವಿಯು ನಮ್ಮ ಊರಿಗೆ ಸಮೀಪವಾದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಬ್ಬಿನ ಹೊಲದಲ್ಲಿಯೂ ಅಡವಿಯ ಅಂಚಿನಲ್ಲಿಯೂ ಸಿಕ್ಕುವ ಮರಿಗಳೆಲ್ಲ ಮನೆಯ ಬೆಕ್ಕಿನವಲ್ಲ. ಕಾಡುಬೆಕ್ಕುಗಳೂ ಮೈಮೇಲೆ ಚುಕ್ಕೆಗಳುಳ್ಳ ಚಿರತೆಬೆಕ್ಕುಗಳೂ ನಮ್ಮ ಸೀಮೆಯಲ್ಲುಂಟು. ತಾಯಿಯು ಬೇಟೆಗೆ ಹೋಗಿರುವಾಗ ಕಂಡ ಮರಿಯನ್ನು ಅನಾಥವೆಂದು ಎತ್ತಿ ತಂದರೆ ಅದನ್ನು ರಕ್ಷಿಸಿದಂತಲ್ಲ, ಕದ್ದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವುಗಳನ್ನು ಮನೆಯಲ್ಲಿ ಸಾಕಲಾಗದು. ಮುಟ್ಟದೆ ದೂರ ಸರಿದು ಅರಣ್ಯ ಇಲಾಖೆಯವರಿಗೆ ತಿಳಿಸುವುದೇ ಯೋಗ್ಯ.

ಈಗ ಕಥೆಯ ಉಳಿದ ಭಾಗವನ್ನು ಹೇಳುವೆನು. ಬೂದವ್ವ ಮನೆಗೆ ಬಂದ ಎರಡನೆಯ ವರ್ಷ ಅವಳು ಒಂದು ದಿನ ಕಾಣದೆ ಹೋದಳು. ಮೊದಲನೆಯ ರಾತ್ರಿ ನನ್ನ ತಾಯಿ ಊಟಮಾಡಲಿಲ್ಲ. ಎರಡನೆಯ ರಾತ್ರಿ ನಾನೂ ಮಾಡಲಿಲ್ಲ. ಮೂರನೆಯ ದಿನ ಮುಖ್ಯೋಪಾಧ್ಯಾಯಿನಿಯೆಂಬ ಬಿಗುಮಾನವನ್ನು ಮನೆಯಲ್ಲಿಟ್ಟು, ಕೊಡೆ ಹಿಡಿದು, “ಬೂದವ್ವಾ, ಬೂದವ್ವಾ” ಎಂದು ಕೂಗುತ್ತ ಓಣಿ ಓಣಿ ತಿರುಗಿದೆನು. ನಮ್ಮ ಶಾಲೆಯ ಮಕ್ಕಳು ಕಿಟಕಿಗಳಿಂದ ನೋಡಿದರು. ಯಾರೂ ನಗಲಿಲ್ಲ, ಐದಾರು ಮಂದಿ ಇಳಿದು ಬಂದು ನನ್ನ ಸಂಗಡ ಹುಡುಕಿದರು. ಕಡೆಗೆ ಅವಳು ಸಿಕ್ಕಿದ್ದು ಶಾಲೆಯ ಹಳೆಯ ಸಾಮಾನಿನ ಕೋಣೆಯಲ್ಲಿ. ಆ ಕೋಣೆಗೆ ಬೀಗ ಹಾಕಿದವಳು ನಾನೇ. ಸೋರುವ ಹಂಚಿನಿಂದ ಬಿದ್ದ ಮಳೆನೀರು ಅವಳ ಜೀವವನ್ನು ಉಳಿಸಿತ್ತು.

ಬೀಗವನ್ನು ತೆಗೆದಾಗ ನನ್ನ ಕೈ ನಡುಗಿತು. ಯಾಕಂದರೆ ಅದೇ ಬಾಗಿಲಿನ ಮುಂದೆ ಹಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯು ನೆನಪಾಯಿತು. ವಸತಿಗೃಹದ ಒಬ್ಬ ಹುಡುಗಿಯು ಆ ಕೋಣೆಯಲ್ಲಿ ಒಂದು ಮರಿಯನ್ನು ಅಡಗಿಸಿಟ್ಟು, ತನ್ನ ಪಾಲಿನ ಮೀನನ್ನು ಅದಕ್ಕೆ ಹಾಕುತ್ತಿದ್ದಳು. ನಾನು ಆಗ ಹೊಸದಾಗಿ ಅಧಿಕಾರಕ್ಕೆ ಬಂದವಳು. ನಿಯಮವನ್ನು ಮೀರಿದ್ದಕ್ಕಾಗಿ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದೆನು. ಮರಿಯನ್ನು ದಾಂಡೇಲಿಯ ಕಡೆಯ ಹಳಿಗಳ ಆಚೆ ಬಿಟ್ಟುಬರಲು ಆಳಿಗೆ ಹೇಳಿದೆನು. ಅವಳು ಅಳಲಿಲ್ಲ. “ಅಕ್ಕೋರ, ಅದಕ್ಕ ಅಲ್ಲಿ ಯಾರ ಅದಾರ್ರಿ?” ಎಂದು ಮಾತ್ರ ಕೇಳಿದಳು. ಆ ವರ್ಷವೇ ಅವಳ ತಾಯಿ ತೀರಿಕೊಂಡಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನಾನು ಅವಳ ಮಾತಿನಲ್ಲಿ ಉದ್ಧಟತನವನ್ನೇ ಕಂಡೆನೇ ಹೊರತು ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ.

ವಸತಿಗೃಹದಲ್ಲಿ ನಿಯಮಗಳು ಬೇಡವೆಂದು ನಾನು ಈಗಲೂ ಹೇಳುವುದಿಲ್ಲ. ನಲವತ್ತು ಮಕ್ಕಳು ನಲವತ್ತು ಮರಿಗಳನ್ನು ಸಾಕಲಾರರು. ಆದರೆ ಆ ಮರಿಗೆ ಒಂದು ಮನೆಯನ್ನು ಹುಡುಕಬಹುದಾಗಿತ್ತು. ಹುಡುಗಿಯನ್ನು ಒಳಗೆ ಕರೆದು ಅವಳ ತಾಯಿಯ ವಿಷಯವನ್ನು ಮಾತನಾಡಬಹುದಾಗಿತ್ತು. ನಿಯಮವು ಉಳಿಯುತ್ತಿತ್ತು, ಮಗುವಿನ ಮನಸ್ಸೂ ಉಳಿಯುತ್ತಿತ್ತು. ತಪ್ಪನ್ನು ತಿದ್ದುವ ಮೊದಲು ಆ ತಪ್ಪಿನಲ್ಲಿ ಎಷ್ಟು ಪ್ರೀತಿಯಿದೆಯೆಂದು ನೋಡಬೇಕು. ಶಿಸ್ತಿನ ಈ ಪಾಠವನ್ನು ತರಬೇತಿ ಕಾಲೇಜಿನಲ್ಲಿ ನಾನು ಓದಿರಬಹುದು. ಮನಸ್ಸಿಗೆ ಹಚ್ಚಿದವಳು ಬೂದವ್ವ.

ಆ ಹುಡುಗಿಯು ಈಗ ದೊಡ್ಡವಳಾಗಿ ಎಲ್ಲಿಯೋ ಸಂಸಾರ ನಡಿಸುತ್ತಿರಬಹುದು. ಈ ಸಂಚಿಕೆಯು ಅವಳ ಕೈಗೆ ಬಂದರೆ, ಅವಳು ಕೇಳಿದ ಪ್ರಶ್ನೆಗೆ ನಾನು ತಡವಾಗಿ ಉತ್ತರ ಕೊಡುತ್ತಿದ್ದೇನೆಂದು ತಿಳಿಯಲಿ. ಮಗಳೇ, ಅಲ್ಲಿ ಅದಕ್ಕೆ ಯಾರೂ ಇರಲಿಲ್ಲ. ನೀನು ಇದ್ದೆ, ನಿನ್ನನ್ನೂ ನಾನು ಅದರಿಂದ ದೂರಮಾಡಿದೆನು. ನನ್ನನ್ನು ಕ್ಷಮಿಸು. ಅಳ್ನಾವರಕ್ಕೆ ಎಂದಾದರೂ ಬಂದರೆ ನಮ್ಮ ಮನೆಗೆ ಬಾ. ಅವ್ವ ಚಹ ಮಾಡಿ ಕೊಡುವಳು. ಬೂದವ್ವ ಹೊಸಬರನ್ನು ಮೊದಲು ಕುರ್ಚಿಯ ಕೆಳಗಿನಿಂದಲೇ ನೋಡುತ್ತಾಳೆ. ನೀನು ಸುಮ್ಮನೆ ಕುಳಿತರೆ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಬಂದು ನಿನ್ನ ತೊಡೆಯನ್ನೇರುವಳು.